ಹೊಟ್ಟೆಗೆ ಬ್ಯಾಗ್ ಬಂದ್ಮೇಲೆ ವಾಕಿಂಗ್, ಯೋಗ, ಜಿಮ್ಮು, ಹೊಲದ ಕೆಲಸ: ಪದೇ ಪದೇ ಕೇಳೋ ಪ್ರಶ್ನೆಗಳು

ನನಗೆ ಗುದನಾಳದ ಕ್ಯಾನ್ಸರ್ ಆಪರೇಷನ್ ಆಗಿ ಪರ್ಮನೆಂಟ್ ಕೊಲೋಸ್ಟಮಿ (ದೊಡ್ಡ ಕರುಳಿನ ತುದೀನ ಹೊಟ್ಟೆಯಿಂದ ಆಚೆ ತಂದು, ಮಲ ಅಲ್ಲಿ ಅಂಟಿಸಿದ ಬ್ಯಾಗಿಗೆ ಬರೋ ಹಂಗೆ ಮಾಡೋದು) ಬಂದು ಇದು ಆರನೇ ವರ್ಷ. ಅದಕ್ಕೂ ಮುಂಚೆ ದಿನಾ ಬೆಳಿಗ್ಗೆ ಶಟಲ್ ಆಡ್ತಿದ್ದೆ, ಈಗ್ಲೂ ಆಡ್ತೀನಿ, ಮಧ್ಯ ಒಂದೂವರೆ ವರ್ಷ ಮಾತ್ರ ಬಿಟ್ಟಿದ್ದೆ, ಅದ್ರಲ್ಲಿ ಅರ್ಧ ಕಾಯಿಲೆಗೆ ಹೋಯ್ತು, ಇನ್ನರ್ಧ ಸುಮ್ನೆ ಭಯಕ್ಕೆ ಹೋಯ್ತು. ಹೊಸದಾಗಿ ಬ್ಯಾಗ್ ಬಂದೋರು, ಅವರ ಮನೆಯವರು ಫೋನ್ ಮಾಡಿ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಪ್ರತಿ ಸಲ ಉದ್ದುದ್ದ ವಾಯ್ಸ್ ಮೆಸೇಜ್ ಕಳ್ಸೋ ಬದ್ಲು ಒಂದು ಕಡೆ ಬರ್ದಿಟ್ಟಿದೀನಿ. ನಾನು ಡಾಕ್ಟರ್ ಅಲ್ಲ. ನಿಮ್ಮ ಹೊಟ್ಟೆ ಒಳಗೆ ಏನೇನು ಮಾಡಿದಾರೆ ಅಂತ ಗೊತ್ತಿರೋದು ನಿಮ್ಮ ಸರ್ಜನ್‌ಗೆ ಮಾತ್ರ, ಇಲ್ಲಿ ಬರ್ದಿರೋದಕ್ಕೂ ಅವರು ಹೇಳಿದ್ದಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಅವರ ಮಾತೇ ಕೇಳಿ.

ಬ್ಯಾಗ್ ಇದ್ದೋರು ಎಕ್ಸರ್‌ಸೈಸ್ ಮಾಡ್ಬಹುದಾ, ಇಲ್ಲಾ ಇನ್ನು ಜೀವನಪೂರ್ತಿ ರೆಸ್ಟೇನಾ?

ಮಾಡ್ಲೇಬೇಕು. ಅಮೆರಿಕದಲ್ಲಿ ರೋಲ್ಫ್ ಬೆನಿರ್ಷ್ಕೆ ಅಂತ ಫುಟ್‌ಬಾಲ್ ಆಟಗಾರ (ಹೆಲ್ಮೆಟ್ ಹಾಕ್ಕೊಂಡು ಮೈಮೇಲೆ ಬಿದ್ದು ಆಡ್ತಾರಲ್ಲ, ಆ ಫುಟ್‌ಬಾಲು), 1979ರಲ್ಲಿ ದೊಡ್ಡ ಕರುಳಿನ ಕಾಯಿಲೆಗೆ ಆಪರೇಷನ್ ಆಗಿ ಬ್ಯಾಗ್ ಬಂತು, ಮುಂದಿನ ಸೀಸನ್ನಿಗೇ ವಾಪಸ್ ಬಂದು 1986ರವರೆಗೂ ಸ್ಯಾನ್ ಡಿಯಾಗೋ ಟೀಮಿಗೆ ಆಡಿದ. ಕೆನಡಾದ ರಾಬ್ ಹಿಲ್ ಬ್ಯಾಗ್ ಇಟ್ಕೊಂಡೇ 2010ರಲ್ಲಿ ಎವರೆಸ್ಟ್ ಹತ್ತಿದ. ನಿಜ ಹೇಳ್ಬೇಕಂದ್ರೆ ಇವರ ಕಥೆ ಕೇಳಿ ನನಗೇನೂ ಧೈರ್ಯ ಬರ್ಲಿಲ್ಲ, ನಾವೇನು ಎವರೆಸ್ಟ್ ಹತ್ತೋಕೆ ಹೋಗ್ತೀವಾ. ಧೈರ್ಯ ಬಂದಿದ್ದು ನಮ್ಮ ವಾರ್ಡಲ್ಲಿದ್ದ ಒಬ್ಬ ಅಜ್ಜಿ ಮೂರನೇ ದಿನಕ್ಕೇ ಡ್ರಿಪ್ ಸ್ಟ್ಯಾಂಡ್ ತಳ್ಕೊಂಡು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡಾಡ್ತಿದ್ದದ್ದು ನೋಡಿ.

ನಮ್ಮ ಕಡೆ ಆಗೋ ಎಡವಟ್ಟು ಏನಂದ್ರೆ, ಮನೆಯವರು ಮೂರು ತಿಂಗಳು ಒಂದು ಲೋಟ ಎತ್ತಿಡೋಕೂ ಬಿಡಲ್ಲ, ಪೇಷಂಟೂ ಸೋಫಾ ಬಿಟ್ಟು ಏಳಲ್ಲ, ಆಮೇಲೆ ಒಂದಿನ ಮನೇಲಿ ಯಾರೂ ಇಲ್ದಿದ್ದಾಗ ಸೀದಾ ಹೋಗಿ 20 ಲೀಟರ್ ನೀರಿನ ಕ್ಯಾನ್ ಎತ್ತಿ ಸ್ಟ್ಯಾಂಡ್ ಮೇಲೆ ಇಡ್ತಾರೆ. ಕೆಡೋದು ಅಲ್ಲಿ. ಲೋಟಕ್ಕೂ ಕ್ಯಾನಿಗೂ ಮಧ್ಯ ಇರೋ ಮೆಟ್ಲುಗಳನ್ನ ಯಾರೂ ಹತ್ತಿಸಿರಲ್ಲ. ಈ ಪೂರ್ತಿ ಬರಹ ಆ ಮೆಟ್ಲುಗಳ ಬಗ್ಗೆನೇ ಅನ್ಕೊಳ್ಳಿ.

ವಾಕಿಂಗ್ ಯಾವಾಗ ಶುರು ಮಾಡ್ಬಹುದು?

ಆಸ್ಪತ್ರೇಲೇ ಶುರು ಮಾಡಿಸ್ತಾರೆ, ತುಂಬಾ ಕಡೆ ಆಪರೇಷನ್ ಮಾರನೇ ದಿನವೇ ಎಬ್ಬಿಸಿ ಕೂರಿಸಿ ನಾಲ್ಕು ಹೆಜ್ಜೆ ನಡೆಸ್ತಾರೆ. ಅದು ಹಿಂಸೆ ಕೊಡೋಕಲ್ಲ, ಮಲಗೇ ಇದ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೇಲಿ ಕಫ ಕಟ್ಟಬಹುದು, ಕರುಳೂ ಬೇಗ ಕೆಲ್ಸ ಶುರು ಮಾಡಲ್ಲ. ಮನೆಗೆ ಬಂದ್ಮೇಲೆ ಹಾಲಿಂದ ಅಡುಗೆಮನೆಗೆ, ಅಲ್ಲಿಂದ ಗೇಟಿಗೆ, ಆಮೇಲೆ ಬೀದಿ ಕೊನೆಗೆ. ಒಂದೇ ಸಲ ಅರ್ಧ ಗಂಟೆ ಬೇಡ, ಐದೈದು ನಿಮಿಷ ದಿನಕ್ಕೆ ನಾಲ್ಕು ಸಲ ಸಾಕು, ಮಾತಾಡ್ತಾ ನಡೆಯೋಕೆ ಆಗೋಷ್ಟು ನಿಧಾನ. ಹಿಂದಿನ ದಿನ ನಡೆದಿದ್ದಕ್ಕೆ ಇವತ್ತು ಸುಸ್ತು ಜಾಸ್ತಿ ಇದ್ರೆ ಇವತ್ತು ಕಮ್ಮಿ ಮಾಡಿ, ಅದ್ರಲ್ಲಿ ಸೋಲೇನಿಲ್ಲ.

ನಡೆಯುವಾಗ ಬಗ್ಗಿ ನಡೀಬೇಡಿ. ಹೊಲಿಗೆ ಎಳೆಯತ್ತೆ ಅಂತ ಎಲ್ರೂ ಬ್ಯಾಗ್ ಮೇಲೆ ಕೈ ಇಟ್ಕೊಂಡು ಗೂನು ಬೆನ್ನಲ್ಲಿ ನಡೀತಾರೆ, ನಾನೂ ಹಂಗೇ ನಡೆದೆ, ಒಂದು ತಿಂಗಳಿಗೆ ಹೊಟ್ಟೆ ನೋವು ಹೋಗಿ ಸೊಂಟ ನೋವು ಬಂತು.

ಲ್ಯಾಪ್ರೋಸ್ಕೋಪಿ ಆಗಿದೆ, ಹೊಲಿಗೆ ಚಿಕ್ದು. ಬೇಗ ಶುರು ಮಾಡ್ಬಹುದಲ್ವಾ?

ನೋವು ಬೇಗ ಹೋಗತ್ತೆ, ಓಡಾಟ ಬೇಗ ಸಲೀಸಾಗತ್ತೆ, ನಿಜ. ಆದ್ರೆ ಸ್ಟೋಮಾ (ಹೊಟ್ಟೆ ಮೇಲೆ ಕಾಣೋ ಕರುಳಿನ ಬಾಯಿ) ಆಚೆ ತರೋಕೆ ಹೊಟ್ಟೆಯ ಸ್ನಾಯುಗೆ ತೂತು ಮಾಡೇ ಮಾಡಿರ್ತಾರೆ, ಅದು ಲ್ಯಾಪ್ರೋಸ್ಕೋಪಿ, ಹೊಟ್ಟೆ ಕುಯ್ದು ಮಾಡೋ ಆಪರೇಷನ್ ಎರಡ್ರಲ್ಲೂ ಇದೆ. ಭಾರ ಎತ್ತೋ ವಿಷಯದಲ್ಲಿ ರಿಯಾಯಿತಿ ಕೇಳ್ಬೇಡಿ.

ಮೊದಲ ಕೆಲವು ವಾರ ವಾಕಿಂಗ್ ಬಿಟ್ರೆ ಬೇರೆ ಏನು ಮಾಡ್ಬಹುದು?

ಮೂರು ಐಟಮ್ಮು. ಎಲ್ಲಾ ಮಂಚದ ಮೇಲೆ ಅಂಗಾತ ಮಲ್ಕೊಂಡು, ಮಂಡಿ ಮಡಚಿ, ಪಾದ ಊರ್ಕೊಂಡು ಮಾಡೋದು. ಸರ್ಜನ್ ಅಥವಾ ಫಿಸಿಯೋ ಹೂಂ ಅಂದ್ಮೇಲೆ ಶುರು ಮಾಡಿ, ಕೆಲವರಿಗೆ ಆಸ್ಪತ್ರೇಲೇ ಕಲಿಸಿ ಕಳಿಸ್ತಾರೆ.

ಮೊದಲ್ನೇದು ಉಸಿರು. ಕೈನ ಹೊಕ್ಕುಳ ಕೆಳಗೆ ಇಟ್ಕೊಳ್ಳಿ, ಮೂಗಲ್ಲಿ ಉಸಿರು ತಗೊಂಡು ಬಿಡುವಾಗ ಹೊಟ್ಟೆಯ ಕೆಳಭಾಗನ ಮೆಲ್ಲಗೆ ಒಳಗೆ ಎಳ್ಕೊಳ್ಳಿ, ಟೈಟಾದ ಪ್ಯಾಂಟಿನ ಗುಂಡಿ ಹಾಕುವಾಗ ಎಳ್ಕೋತೀವಲ್ಲ, ಅದ್ರ ಕಾಲು ಭಾಗದಷ್ಟು ಸಾಕು. ಮೂರು ಸೆಕೆಂಡ್ ಹಿಡಿದು ಬಿಡಿ, ಆದ್ರೆ ಉಸಿರು ಹಿಡೀಬೇಡಿ. ಎರಡನೇದು, ಅದೇ ಭಂಗೀಲಿ ಸೊಂಟದ ಹಿಂಭಾಗನ ಹಾಸಿಗೆಗೆ ಒತ್ತಿ ಬಿಡೋದು. ಮೂರನೇದು, ಎರಡೂ ಮಂಡಿ ಜೋಡಿಸ್ಕೊಂಡು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ವಾಲ್ಸೋದು, ನೋವಾಗೋ ಜಾಗಕ್ಕೆ ಮುಂಚೆನೇ ನಿಲ್ಲಿಸೋದು. ಐದೈದು ಸಲ. ಇದೇನು ಎಕ್ಸರ್‌ಸೈಸಾ ಅಂತ ನಗು ಬರತ್ತೆ, ನನಗೂ ಬಂದಿತ್ತು, ಆದ್ರೆ ಹೊಟ್ಟೆಯ ಒಳಪದರದ ಸ್ನಾಯು ಸೊಂಟಕ್ಕೆ ಸುತ್ತಿದ ಪಟ್ಟಿ ತರ ಇರತ್ತೆ, ಆಪರೇಷನ್ ಆದ್ಮೇಲೆ ಅದು ನಿದ್ದೆ ಹೋಗಿರತ್ತೆ, ಅದನ್ನ ಎಬ್ಬಿಸೋದು ಹಿಂಗೇ.

ಇನ್ನೊಂದು, ಹಾಸಿಗೆಯಿಂದ ಏಳೋ ರೀತಿ. ಅಂಗಾತ ಮಲಗಿದ್ದೋರು ಸೀದಾ ತಲೆ ಎತ್ತಿ ಏಳ್ಬಾರ್ದು. ಪಕ್ಕಕ್ಕೆ ಹೊರಳಿ, ಕಾಲು ಮಂಚದ ಕೆಳಗೆ ಇಳಿಬಿಟ್ಟು, ಮೊಣಕೈ ಊರ್ಕೊಂಡು ಏಳಿ. ನಮ್ಮ ಅಜ್ಜಿ "ಬಲಗಡೆ ಹೊರಳಿ ಏಳೋ" ಅಂತ ಶಾಸ್ತ್ರಕ್ಕೆ ಹೇಳ್ತಿದ್ರು, ಈಗ ಅದು ನನಗೆ ಹೊಟ್ಟೆ ಉಳಿಸೋ ಸೂತ್ರ ಆಗಿದೆ. ಕೆಮ್ಮು, ಸೀನು ಬಂದಾಗ ಅಂಗೈಯನ್ನ ಅಥವಾ ಚಿಕ್ಕ ದಿಂಬನ್ನ ಸ್ಟೋಮಾ ಮೇಲೆ ಒತ್ತಿ ಹಿಡ್ಕೊಳ್ಳಿ.

ಎಲ್ರೂ ಹರ್ನಿಯಾ ಹರ್ನಿಯಾ ಅಂತ ಹೆದರಿಸ್ತಾರೆ, ಏನದು?

ಗೋಡೆಗೆ ಪೈಪ್ ಹಾಕೋಕೆ ತೂತು ಹೊಡೀತೀವಿ, ಸುತ್ತ ಸಿಮೆಂಟ್ ಮೆತ್ತಿ ಮುಚ್ತೀವಿ. ಹೊಟ್ಟೆ ಗೋಡೇಲಿ ಕರುಳು ಹಾಯ್ಸೋಕೆ ಮಾಡಿರೋ ತೂತಿಗೆ ಹಂಗೆ ಬಿಗಿಯಾಗಿ ಮೆತ್ತೋಕಾಗಲ್ಲ, ಕರುಳು ಉಸಿರಾಡ್ಬೇಕಲ್ಲ. ಚರ್ಮದ ಗಾಯ ಮಾಯತ್ತೆ, ಈ ತೂತು ಮಾತ್ರ ಸ್ಟೋಮಾ ಇರೋವರೆಗೂ ಇರತ್ತೆ. ಹೊಟ್ಟೆ ಒಳಗೆ ಪ್ರೆಷರ್ ಜಾಸ್ತಿ ಆದಾಗ್ಲೆಲ್ಲ ತೂತಿನ ಅಂಚು ಸ್ವಲ್ಪ ಸ್ವಲ್ಪ ಹಿಗ್ಗಿ, ಒಳಗಿನ ಕರುಳು ಪಕ್ಕದಿಂದ ನುಗ್ಗಿ ಬಂದು ಸ್ಟೋಮಾ ಸುತ್ತ ಉಬ್ಬತ್ತೆ. ಇದು ಅಪರೂಪ ಏನಲ್ಲ, ಸ್ಟೋಮಾ ಇರೋರಲ್ಲಿ ತುಂಬಾ ಜನಕ್ಕೆ ವರ್ಷ ಕಳೆದಂತೆ ಒಂದಲ್ಲ ಒಂದು ಪ್ರಮಾಣದಲ್ಲಿ ಬರತ್ತೆ, ಬಹಳಷ್ಟು ಮೊದಲ ಎರಡು ವರ್ಷದಲ್ಲೇ ಶುರು ಆಗತ್ತೆ.

ಭಾರ ಎತ್ತೋದೊಂದೇ ಕಾರಣ ಅಲ್ಲ. ಬೊಜ್ಜು, ಬೀಡಿ ಸಿಗರೇಟು, ಬಿಡದೆ ಕಾಡೋ ಕೆಮ್ಮು, ಮಲಬದ್ಧತೆಗೆ ತಿಣುಕೋದು, ವಯಸ್ಸು ಎಲ್ಲಾ ಸೇರತ್ತೆ. ಹಂಗಾಗಿ ಭಾರ ಎತ್ತದೆ ಸುಮ್ನೆ ಕೂತು ಹತ್ತು ಕೆಜಿ ದಪ್ಪ ಆಗೋದೂ ಹರ್ನಿಯಾಗೆ ದಾರಿನೇ. ಇದನ್ನ ಮನೆಯವರಿಗೆ ಓದಿಸಿ.

ಎಷ್ಟು ಭಾರ ಎತ್ತಬಹುದು? ಕರೆಕ್ಟಾಗಿ ಕೆಜಿ ಲೆಕ್ಕದಲ್ಲಿ ಹೇಳಿ ಸರ್.

ಸಾಮಾನ್ಯವಾಗಿ ಹೇಳೋದು, ಮೊದಲ 6ರಿಂದ 8 ವಾರ ಎರಡು ಮೂರು ಕೆಜಿ ಮೀರ್ಬೇಡಿ, ಮೂರು ತಿಂಗಳವರೆಗೂ ಭಾರದ ಕೆಲ್ಸ ಬೇಡ, ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ಕೆಜಿ ಅಂದ್ರೆ ಮನೇಲಿ ಯಾರಿಗೂ ಗೊತ್ತಾಗಲ್ಲ, ಹಿಂಗೆ ನೋಡಿ: ಎರಡು ಲೀಟರ್ ನೀರಿನ ಬಾಟ್ಲಿ ಎರಡು ಕೆಜಿ. ಅರ್ಧ ತುಂಬಿದ ಪ್ಲಾಸ್ಟಿಕ್ ಬಕೆಟ್ಟು ಏಳೆಂಟು ಕೆಜಿ ಆಗೋಗತ್ತೆ. ತುಂಬಿದ ಬಿಂದಿಗೆ 10 ಕೆಜಿ ಮೇಲೆ. ಹಿಂಡದೆ ಎತ್ತೋ ಒದ್ದೆ ಬೆಡ್‌ಶೀಟು ನೀವು ಅಂದ್ಕೊಂಡಿದ್ದಕ್ಕಿಂತ ಭಾರ. ಮನೆ ಬಾಗ್ಲಿಗೆ ಬರೋ ನೀರಿನ ಕ್ಯಾನು 20 ಕೆಜಿ. ಗ್ಯಾಸ್ ಸಿಲಿಂಡರ್‌ನಲ್ಲಿ ಗ್ಯಾಸೇ 14.2 ಕೆಜಿ, ಕಬ್ಬಿಣ ಸೇರಿ 30ರ ಹತ್ರ, ಅದನ್ನ ವಾಲಿಸಿ ಉರುಳಿಸ್ಕೊಂಡು ಹೋಗ್ತೀನಿ ಎತ್ತಲ್ಲ ಅನ್ನೋ ಜಾಣತನವೂ ಬೇಡ, ತಂದ ಹುಡುಗನಿಗೇ ಒಳಗೆ ಇಟ್ಟು ಹೋಗಪ್ಪಾ ಅನ್ನಿ.

ಮೇಲೆ ಹೇಳಿದ ಕ್ಯಾನ್ ಕಥೆ ನಂದೇ. ನಾಲ್ಕನೇ ತಿಂಗಳು, ಭಾನುವಾರ, ಮನೆಯವಳು ಮದುವೆಗೆ ಹೋಗಿದ್ಲು, ಕ್ಯಾನ್ ಖಾಲಿ. ಎತ್ತುವಾಗ ಉಸಿರು ಬಿಗಿ ಹಿಡಿದೆ, ಹಲ್ಲು ಕಚ್ಚಿದೆ, ಇಟ್ಟೆ, ನೋವೇನೂ ಆಗ್ಲಿಲ್ಲ, ನೋಡು ಆಗತ್ತೆ ಅಂತ ಖುಷಿನೇ ಆಯ್ತು. ಅದೇ ಕೆಲ್ಸ ಎರಡು ತಿಂಗಳು ಕದ್ದು ಕದ್ದು ಮಾಡ್ದೆ. ಆಮೇಲೆ ಒಂದಿನ ಸ್ನಾನದ ಮನೆ ಕನ್ನಡೀಲಿ ಪಕ್ಕದಿಂದ ನೋಡ್ಕೊಂಡ್ರೆ ಬ್ಯಾಗ್ ಕೆಳಗೆ ಅರ್ಧ ನಿಂಬೆಹಣ್ಣು ಇಟ್ಟಂಗೆ ಉಬ್ಬು, ಮಲಗಿದ್ರೆ ಮಾಯ. ಸರ್ಜನ್ ಕೈ ಇಟ್ಟು ಕೆಮ್ಮಿಸಿ ನೋಡಿ ಹರ್ನಿಯಾ ಅಂದ್ರು. ಚಿಕ್ದು, ಈಗ್ಲೂ ಅಷ್ಟೇ ಇದೆ, ಬೆಲ್ಟ್ ಹಾಕ್ತೀನಿ. ಕ್ಯಾನೇ ಕಾರಣ ಅಂತ ಯಾರೂ ಪ್ರಮಾಣ ಮಾಡಿ ಹೇಳೋಕಾಗಲ್ಲ, ಆದ್ರೆ ನನ್ನ ಅನುಮಾನ ಅದ್ರ ಮೇಲೇನೇ. ಈಗ ಕ್ಯಾನಿಗೆ ಕೈಪಂಪ್ ಹಾಕ್ಸಿದೀವಿ, ನೆಲದ ಮೇಲೇ ಇರತ್ತೆ.

ಭಾರ ಎತ್ತುವಾಗ ಮುಖ್ಯ ಉಸಿರು. ಎತ್ತೋ ಕ್ಷಣಕ್ಕೆ ಬಾಯಿಂದ "ಹೂ" ಅಂತ ಬಿಡ್ಬೇಕು. ಬಿಗಿ ಹಿಡಿದ್ರೆ ಹೊಟ್ಟೆ ಒಳಗಿನ ಪ್ರೆಷರ್ ಪೂರ್ತಿ ಆ ತೂತಿನ ಮೇಲೆ ಬೀಳತ್ತೆ. ಮಂಡಿ ಬಗ್ಗಿಸಿ, ವಸ್ತು ಮೈಗೆ ಒತ್ತಿ ಎತ್ತಿ. ಕೈ ಮುಂದೆ ಚಾಚಿ ಎತ್ತಿದ್ರೆ ಎರಡು ಕೆಜಿನೂ ಐದರ ತರ ಎಳೆಯತ್ತೆ.

ಮೊಮ್ಮಗು ಎತ್ಕೋಬಹುದಾ?

ನಿಂತ್ಕೊಂಡು ನೆಲದಿಂದ ಎತ್ತೋದು ಬೇಡ. ನೀವು ಕೂತ್ಕೊಳ್ಳಿ, ಮಗು ಬಂದು ತೊಡೆ ಮೇಲೆ ಹತ್ಕೊಳ್ಳಲಿ. ಸ್ಟೋಮಾ ಇರೋ ಕಡೆ ಕೂರಿಸ್ಕೋಬೇಡಿ, ಕಾಲಲ್ಲಿ ಒದೆಯತ್ತೆ.

ನಮ್ದು ಹೊಲ ತೋಟ. ಯಾವಾಗ ಕೆಲ್ಸಕ್ಕೆ ಇಳೀಬಹುದು?

ಈ ಪ್ರಶ್ನೆಗೆ ಎಲ್ಲೂ ಸರಿಯಾಗಿ ಉತ್ತರ ಸಿಗಲ್ಲ, ಯಾಕಂದ್ರೆ ಬರೆಯೋರೆಲ್ಲ ಆಫೀಸಿನ ಕುರ್ಚಿ ಮೇಲೆ ಕೂರೋರು. ರೈತರ ಮನೇಲಿ ಕೆಲ್ಸವೇ ಜಿಮ್ಮು. ತೋಟ ಸುತ್ತಾಡೋದು, ಮೋಟ್ರು ಆನ್ ಮಾಡಿ ಬರೋದು ವಾಕಿಂಗ್ ಲೆಕ್ಕ, ಒಂದೂವರೆ ತಿಂಗಳಿಗೆ ಹೆಚ್ಚಿನೋರಿಗೆ ಆಗತ್ತೆ, ಬದು ಹಾರೋದು ಬಿಟ್ಟು. ಕೂತು ಮಾಡೋ ಹಗುರ ಕೆಲ್ಸ, ಹೂವು ಬಿಡ್ಸೋದು, ತರಕಾರಿ ಕೊಯ್ಯೋದು, ಮೂರು ತಿಂಗಳು ಆದ್ಮೇಲೆ, ಮೊದಲು ಅರ್ಧ ಗಂಟೆ. ಗುದ್ದಲಿ ಹಾಕೋದು, ಹುಲ್ಲಿನ ಹೊರೆ ಹೊರೋದು, ಗೊಬ್ಬರದ ಮಂಕರಿ ತಲೆಗೆ ಎತ್ಕೊಳ್ಳೋದು, ಇದಕ್ಕೆ ಆತುರ ಬೇಡ, ಇಷ್ಟನೇ ದಿನಕ್ಕೆ ಅಂತ ಹೇಳೋಕಾಗಲ್ಲ, ಡಾಕ್ಟರಿಗೆ ಸುಮ್ನೆ "ಕೆಲ್ಸ ಮಾಡ್ಬಹುದಾ" ಅಂತ ಕೇಳ್ಬೇಡಿ, "ಗುದ್ದಲಿ ಹಿಡೀಬಹುದಾ" ಅಂತ ಬಿಡಿಸಿ ಕೇಳಿ. ಬೆನ್ನಿಗೆ ಹಾಕೋ ಔಷಧಿ ಸ್ಪ್ರೇಯರ್ 16 ಲೀಟರ್ ಹಿಡಿಯತ್ತೆ, ಅದ್ರ ಸೊಂಟದ ಪಟ್ಟಿ ಕೆಲವು ಸಲ ಸರಿಯಾಗಿ ಸ್ಟೋಮಾ ಮೇಲೇ ಬರತ್ತೆ. ಆ ಕೆಲ್ಸನ ಬೇರೆಯವರಿಗೆ ಬಿಟ್ಬಿಡೋದೇ ವಾಸಿ.

ಯೋಗ ಮಾಡ್ಬಹುದಾ? ಸೂರ್ಯನಮಸ್ಕಾರ?

ಮೈಸೂರು ಕಡೆಯೋರಿಗೆ ಯೋಗ ಬಿಡಿ ಅನ್ನೋದು ಕಾಫಿ ಬಿಡಿ ಅಂದಷ್ಟೇ ಕಷ್ಟ, ಗೊತ್ತು. ಬಿಡ್ಬೇಕಾಗಿಲ್ಲ, ಆದ್ರೆ ಆರಿಸ್ಕೋಬೇಕು.

ಶುರುವಿನಲ್ಲಿ ಅನುಲೋಮ ವಿಲೋಮ (ಉಸಿರು ಹಿಡಿಯೋ ಕುಂಭಕ ಇಲ್ದೆ), ಭ್ರಾಮರಿ, ಶವಾಸನ, ಕುತ್ತಿಗೆ ಭುಜ ತಿರುಗಿಸೋದು. ಗಾಯ ಮಾಯ್ದ ಮೇಲೆ ತಾಡಾಸನ, ವೃಕ್ಷಾಸನ, ಮಂಡಿ ಕೈ ಊರಿ ಮಾಡೋ ಮಾರ್ಜಾಲಾಸನ, ಸೊಂಟ ಸ್ವಲ್ಪವೇ ಎತ್ತೋ ಸೇತುಬಂಧ. ಹೊಟ್ಟೆ ಮೇಲೆ ಭಾರ ಹಾಕಿ ಮಲಗೋ ಭುಜಂಗಾಸನ, ಶಲಭಾಸನ, ಧನುರಾಸನ ತಿಂಗಳುಗಟ್ಟಲೆ ಬೇಡ, ಆಮೇಲೂ ಬ್ಯಾಗ್ ಖಾಲಿ ಮಾಡ್ಕೊಂಡು, ಗುರುಗಳಿಗೆ ಹೇಳೇ ಮಾಡಿ. ಕಪಾಲಭಾತಿ, ಅಗ್ನಿಸಾರ, ನೌಲಿ ಮೂರೂ ಹೊಟ್ಟೆಗೆ ಝಾಡಿಸೋ ಕ್ರಿಯೆಗಳು, ನಾನು ಪೂರ್ತಿ ಬಿಟ್ಟಿದೀನಿ. ನೌಕಾಸನ, ಎರಡೂ ಕಾಲು ಒಟ್ಟಿಗೆ ಎತ್ತೋದು ಹರ್ನಿಯಾಗೆ ಕರೆ ಕೊಟ್ಟಂಗೆ. ಮಯೂರಾಸನದಲ್ಲಿ ಮೊಣಕೈ ಹೊಟ್ಟೆಗೆ ಚುಚ್ಚತ್ತೆ, ಅದ್ರ ಬಗ್ಗೆ ಮಾತೇ ಬೇಡ.

ಸೂರ್ಯನಮಸ್ಕಾರದ ಹನ್ನೆರಡರಲ್ಲಿ ತೊಂದ್ರೆ ಇರೋದು ಮಧ್ಯದಲ್ಲಿ, ನೆಲಕ್ಕೆ ಇಳಿದು ಭುಜಂಗಕ್ಕೆ ಏಳೋ ಜಾಗ. ಗೋಡೆಗೆ ಅಥವಾ ಗಟ್ಟಿ ಕುರ್ಚಿಗೆ ಕೈ ಊರಿ ಮಾಡೋ ವಿಧಾನ ಕಲೀರಿ, ನೆಲಕ್ಕೆ ಇಳಿಯೋದೇ ಬೇಡ. ಹಿಂದೆ ರಥಸಪ್ತಮಿಗೆ 108 ಹಾಕ್ತಿದ್ದೋರು ಈಗ ಕುರ್ಚಿ ಹಿಡಿದು 12 ಹಾಕಿದ್ರೆ ಸೂರ್ಯ ಏನೂ ಬೇಜಾರು ಮಾಡ್ಕೊಳ್ಳಲ್ಲ.

ಯೋಗ ಕ್ಲಾಸಿನ ಗುರುಗಳಿಗೆ ಮೊದ್ಲೇ ಹೇಳಿ. ನನಗೊಬ್ಬರು ಹಿಂದಿನಿಂದ ಬಂದು "ಇನ್ನೂ ಬಗ್ಗಿ" ಅಂತ ಬೆನ್ನು ಒತ್ತಿಬಿಟ್ರು, ಬ್ಯಾಗ್ ಅರ್ಧ ತುಂಬಿತ್ತು, ಮುಂದಿಂದು ಹೇಳೋದು ಬೇಡ.

ಇಲಿಯೋಸ್ಟಮಿ ಇದೆ, ಸ್ವಲ್ಪ ನಡೆದ್ರೂ ತಲೆ ತಿರುಗತ್ತೆ, ಎಷ್ಟು ನೀರು ಕುಡಿದ್ರೂ ಬಾಯಿ ಒಣಗತ್ತೆ. ಯಾಕೆ?

ಎಷ್ಟು ನೀರು ಕುಡಿದ್ರೂ ಅಂದ್ರಲ್ಲ, ಉತ್ತರ ಅಲ್ಲೇ ಇದೆ. ನೀರು ಉಪ್ಪು ಎರಡನ್ನೂ ಕೊನೇಲಿ ಹೀರ್ಕೊಳ್ಳೋದು ದೊಡ್ಡ ಕರುಳು. ನಿಮಗೆ ಸಣ್ಣ ಕರುಳಿಂದಲೇ ಆಚೆ ಬರ್ತಿದೆ, ಜೊತೆಗೆ ಉಪ್ಪೂ ಹೋಗ್ತಿದೆ. ಇಲಿಯೋಸ್ಟಮಿ ಒಂದು ಹದಕ್ಕೆ ಬಂದ್ಮೇಲೆ ದಿನಕ್ಕೆ 600ರಿಂದ 1000 ಎಂಎಲ್ ಬರೋದು ಮಾಮೂಲಿ, 1500 ದಾಟಿದ್ರೆ ಡಾಕ್ಟರಿಗೆ ಹೇಳ್ಬೇಕು. ಇದ್ರ ಮೇಲೆ ಬೆವರು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದ್ರೆ ಅದು ಉಪ್ಪನ್ನ ಇನ್ನಷ್ಟು ಎಳ್ಕೊಂಡು ಬ್ಯಾಗಿಗೆ ಬರತ್ತೆ, ಕುಡಿದಷ್ಟೂ ಒಣಗ್ತೀರ.

ಓಆರ್‌ಎಸ್ ಕುಡೀರಿ. ಉಪ್ಪು ಸಕ್ಕರೆ ಸರಿಯಾದ ಅಳತೇಲಿ ಇದ್ರೆ ಸಣ್ಣ ಕರುಳು ಎರಡನ್ನೂ ಒಟ್ಟಿಗೆ ಒಳಗೆ ತಗೊಳತ್ತೆ, ಅದ್ರ ಹಿಂದೆ ನೀರೂ ಹೋಗತ್ತೆ. ವಿಶ್ವ ಆರೋಗ್ಯ ಸಂಸ್ಥೆ ಸೂತ್ರದಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತಿದೆಯೋ ಅಷ್ಟಕ್ಕೇ ಕಲಸಿ, ರುಚಿಗೆ ಅಂತ ಹೆಚ್ಚುಕಮ್ಮಿ ಮಾಡ್ಬೇಡಿ. ಮೆಡಿಕಲ್ ಶಾಪಲ್ಲಿ ಹಣ್ಣಿನ ಚಿತ್ರ ಇರೋ ಡಬ್ಬಿ ಪಾನೀಯ ಕೊಟ್ರೆ ಅದಲ್ಲ ಅಂತ ವಾಪಸ್ ಕೊಡಿ, ಸಕ್ಕರೆ ಜಾಸ್ತಿ ಆದ್ರೆ ಔಟ್‌ಪುಟ್ (ಬ್ಯಾಗಿಗೆ ಬರೋದು) ನೀರಾಗತ್ತೆ. ಎಳನೀರಲ್ಲಿ ಪೊಟ್ಯಾಶಿಯಂ ಚೆನ್ನಾಗಿದೆ, ಸೋಡಿಯಂ ಕಮ್ಮಿ, ಒಂದು ಚಿಟಿಕೆ ಉಪ್ಪು ಹಾಕ್ಕೊಳ್ಳಿ. ಉಪ್ಪು ಹಾಕಿದ ಗಂಜಿ, ನೀರು ಮಜ್ಜಿಗೆ ನಮ್ಮ ಮನೆಗಳಲ್ಲಿ ಇದ್ದೇ ಇರತ್ತಲ್ಲ, ಹಾಲು ಮೊಸರು ಆಗಿ ಬರೋರಿಗೆ ಮಜ್ಜಿಗೆ ಒಳ್ಳೇದು. ಬಿಪಿ, ಹೃದಯ, ಕಿಡ್ನಿ, ಶುಗರ್ ಇದ್ದೋರು ಈ ಉಪ್ಪು ಸಕ್ಕರೆ ಲೆಕ್ಕನ ಡಾಕ್ಟರ್ ಕೇಳದೆ ಮಾಡ್ಬೇಡಿ.

ವಾಕಿಂಗ್ ಹೊರಡೋಕೆ ಮುಂಚೆ ಅರ್ಧ ಲೋಟ, ಮಧ್ಯ ಗುಟುಕು ಗುಟುಕು, ಬಂದ್ಮೇಲೆ ಒಂದು ಲೋಟ. ಮೂತ್ರ ಕಡು ಹಳದಿ ಇದ್ರೆ, ಕಾಲಿನ ಮೀನಖಂಡ ಹಿಡ್ಕೊಂಡ್ರೆ ಅವತ್ತು ಎಕ್ಸರ್‌ಸೈಸ್ ರಜಾ. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆಯೋರು ಸೂರ್ಯ ಹುಟ್ಟೋಕೆ ಮುಂಚೆ ಮುಗಿಸ್ಕೊಳ್ಳಿ.

ಯುರೋಸ್ಟಮಿ (ಮೂತ್ರ ಬ್ಯಾಗಿಗೆ ಬರೋದು) ಇದ್ದೋರಿಗೂ ನೀರು ಕಮ್ಮಿ ಆಗ್ಬಾರ್ದು, ಇನ್‌ಫೆಕ್ಷನ್ ಆಗತ್ತೆ. ನನ್ನಂಥ ಕೊಲೋಸ್ಟಮಿ ಗಿರಾಕಿಗಳಿಗೆ ಸಮಸ್ಯೆ ಉಲ್ಟಾ, ನೀರು ಕಮ್ಮಿ ಆದ್ರೆ ಗಟ್ಟಿ ಆಗಿ ತಿಣುಕಬೇಕಾಗತ್ತೆ.

ಆಡ್ತಾ ಆಡ್ತಾ ಬ್ಯಾಗ್ ಕಿತ್ಕೊಂಡ್ರೆ?

ಕಿತ್ಕೊಳ್ಳತ್ತೆ. ಒಂದಲ್ಲ ಒಂದಿನ ಆಗತ್ತೆ, ಆದಾಗ ಲೋಕ ಮುಳುಗಲ್ಲ. ನನಗೆ ಆಗಿದ್ದು ಶಟಲ್ ಕೋರ್ಟಲ್ಲಿ, ಸ್ಮ್ಯಾಶ್ ಹೊಡೆಯೋಕೆ ಕೈ ಎತ್ತಿದಾಗ ಫ್ಲೇಂಜಿನ (ಬ್ಯಾಗ್ ಹಿಡ್ಕೊಳ್ಳೋಕೆ ಚರ್ಮಕ್ಕೆ ಅಂಟಿಸೋ ತಟ್ಟೆ) ಮೇಲಂಚು ಬಿಟ್ಕೊಂಡಿದ್ದು ಚಳಿ ಗಾಳಿ ತಾಗಿದಂಗೆ ಗೊತ್ತಾಯ್ತು, ಕಾಲು ಉಳುಕಿತು ಅಂತ ಹೇಳಿ ಕುಂಟ್ಕೊಂಡು ಟಾಯ್ಲೆಟ್ಟಿಗೆ ಹೋದೆ. ಕಿಟ್ ಬ್ಯಾಗಲ್ಲಿ ಯಾವಾಗ್ಲೂ ಒಂದು ಸೆಟ್ ಇರತ್ತೆ: ತೂತು ಮುಂಚೆನೇ ಕತ್ತರಿಸಿಟ್ಟ ಫ್ಲೇಂಜು, ಬ್ಯಾಗು, ಟಿಶ್ಯೂ, ನೀರಿನ ಬಾಟ್ಲಿ, ಕಪ್ಪು ಕವರ್, ಒಂದು ಟೀಶರ್ಟು. ಹತ್ತು ನಿಮಿಷದ ಕೆಲ್ಸ.

ತಡೆಯೋಕೆ: ಆಡೋಕೆ ಮುಂಚೆ ಖಾಲಿ ಮಾಡಿ, ಮೂರನೇ ಒಂದು ಭಾಗ ತುಂಬಿದ್ರೂ ಎಳೆಯತ್ತೆ. ಫ್ಲೇಂಜ್ ಬದಲಾಯ್ಸಿದ ತಕ್ಷಣ ಬೆವರೋ ಕೆಲ್ಸ ಬೇಡ, ಹಾಕಿದ್ಮೇಲೆ ಅಂಗೈ ಬಿಸಿ ಕೊಟ್ಟು ಒತ್ತಿ, ಒಂದು ಗಂಟೆ ಅಂಟ್ಕೊಳ್ಳೋಕೆ ಬಿಡಿ. ಸುತ್ತಲಿನ ಚರ್ಮಕ್ಕೆ ಕೊಬ್ಬರಿ ಎಣ್ಣೆ, ಪೌಡರು, ಕ್ರೀಮು ಹಚ್ಚಿದ್ರೆ ಅಂಟಲ್ಲ (ಸ್ಟೋಮಾ ಪೌಡರ್ ಬೇರೆ, ಅದನ್ನೂ ಉದುರಿಸಿ ಹಾಕ್ಬೇಕು). ಮಂಗಳೂರು, ಉಡುಪಿ ಸೆಖೆಗೆ ನಾಲ್ಕು ದಿನ ಬರೋ ಫ್ಲೇಂಜು ಎರಡೇ ದಿನಕ್ಕೆ ಕೈ ಕೊಡತ್ತೆ, ಖರ್ಚು ಜಾಸ್ತಿ, ಏನ್ ಮಾಡೋದು, ಚರ್ಮ ಸುಟ್ಕೊಂಡ್ರೆ ಅದಕ್ಕಿಂತ ಜಾಸ್ತಿ.

ಬೆಲ್ಟ್ ಹಾಕ್ಲೇಬೇಕಾ? ಸೀರೆ, ಪಂಚೆ ಎಲ್ಲಿ ಕಟ್ಟೋದು?

ಎರಡು ತರ ಬೆಲ್ಟ್ ಇದೆ, ಜನ ಕಲೆಸ್ಕೋತಾರೆ. ಒಂದು ಸಣ್ಣ ಎಲಾಸ್ಟಿಕ್, ಬ್ಯಾಗಿನ ಕಿವಿಗೆ ಸಿಕ್ಕಿಸೋದು, ಅದು ಬ್ಯಾಗ್ ಹಿಡ್ಕೊಳ್ಳೋಕೆ ಮಾತ್ರ. ಇನ್ನೊಂದು ಅಗಲದ ಸಪೋರ್ಟ್ ಬೆಲ್ಟು, ಹೊಟ್ಟೆಗೆ ಆಸರೆ. ಮೊದಲ ವರ್ಷ ಭಾರದ ಕೆಲ್ಸಕ್ಕೆ, ಆಟಕ್ಕೆ ಹಾಕ್ಕೊಳ್ಳೋದು ಒಳ್ಳೇದು ಅಂತ ತುಂಬಾ ನರ್ಸ್‌ಗಳು ಹೇಳ್ತಾರೆ. ಮಲ್ಕೊಂಡೇ ಹಾಕ್ಕೋಬೇಕು, ನಿಂತ್ಮೇಲೆ ಹಾಕಿದ್ರೆ ಉಬ್ಬಿ ಆಚೆ ಬಂದಿದ್ದನ್ನೇ ಕಟ್ಟಿದಂಗೆ. ಅಳತೆ ಕೊಟ್ಟು ತಗೊಳ್ಳಿ. ಬೆಲ್ಟ್ ಇದೆ ಅಂತ ಸಿಲಿಂಡರ್ ಎತ್ತೋಕೆ ಹೋಗ್ಬೇಡಿ, ಅದು ಸ್ನಾಯು ಅಲ್ಲ, ಬಟ್ಟೆ.

ಲಂಗದ ಲಾಡಿ ಬಿಗಿಯಾಗಿ ಸ್ಟೋಮಾ ಮೇಲೆ ಬಂದ್ರೆ ಔಟ್‌ಪುಟ್ ಕೆಳಗೆ ಇಳಿಯದೆ ಮೇಲೇ ನಿಂತು ಲೀಕ್ ಆಗತ್ತೆ. ಲಾಡಿ ತೆಗೆದು ಅಗಲ ಎಲಾಸ್ಟಿಕ್ ಹಾಕ್ಸಿ, ಅಥವಾ ಗಂಟು ಇನ್ನೊಂದು ಪಕ್ಕಕ್ಕೆ. ಪಂಚೆ ಉಡೋರು ಗಂಟನ್ನ ಸ್ಟೋಮಾಗಿಂತ ಮೇಲೋ ಕೆಳಗೋ ಮಾಡ್ಕೊಳ್ಳಿ. ಉಡಿದಾರ ಸಡಿಲ ಮಾಡಿ.

ಜಿಮ್?

ಮೂರು ತಿಂಗಳಿಗೆ ಮುಂಚೆ ಬಾಗಿಲಿಗೂ ಹೋಗ್ಬೇಡಿ. ಆಮೇಲೆ ಟ್ರೆಡ್‌ಮಿಲ್, ಕೂತು ಮಾಡೋ ಮಷಿನ್, ಹಗುರದ ಡಂಬೆಲ್, ಸಲ ಜಾಸ್ತಿ ಭಾರ ಕಮ್ಮಿ. ಸಿಟ್‌ಅಪ್, ಕ್ರಂಚ್ ಮಾಡುವಾಗ ಹೊಟ್ಟೆ ಮಧ್ಯ ದಿಬ್ಬದ ತರ ಎದ್ರೆ ಅದು ನಿಮಗೆ ಆಗ್ಬರಲ್ಲ. ಟ್ರೈನರ್‌ಗಳು "ಇನ್ನೊಂದೇ ಒಂದು ಸರ್" ಅಂತಾರೆ, ಆ ಇನ್ನೊಂದಕ್ಕೇ ಎಲ್ರೂ ಉಸಿರು ಹಿಡಿಯೋದು.

ಈಜಬಹುದಾ? ನೀರು ಒಳಗೆ ಹೋಗಲ್ವಾ?

ಹೋಗಲ್ಲ. ಎಲ್ಲಾ ಗಾಯ ಪೂರ್ತಿ ಮಾಯ್ದಿರ್ಬೇಕು ಅಷ್ಟೇ, ಹೆಚ್ಚಿನೋರಿಗೆ ಆರು ವಾರದ ಮೇಲೆ, ಹಿಂದುಗಡೆ ಹೊಲಿಗೆ ಇರೋರಿಗೆ ಇನ್ನೂ ತಡ. ಬ್ಯಾಗಿನ ಗ್ಯಾಸ್ ಫಿಲ್ಟರ್ ಮೇಲೆ ಜೊತೆಗೆ ಕೊಡೋ ಸಣ್ಣ ಸ್ಟಿಕ್ಕರ್ ಅಂಟಿಸಿ, ಒದ್ದೆ ಆದ್ರೆ ಫಿಲ್ಟರ್ ಕೆಲ್ಸ ಮಾಡಲ್ಲ. ಮೊದಲ ಸಲ ಮನೇಲಿ ಅರ್ಧ ಗಂಟೆ ಒದ್ದೆ ಮಾಡಿ ಪರೀಕ್ಷೆ ಮಾಡಿ. ಬಾವಿಗೆ ಮೇಲಿಂದ ಧುಮುಕೋ ಚಟ ಇದ್ದೋರು ಅದನ್ನ ಬಿಡಿ, ಮೆಟ್ಲಲ್ಲಿ ಇಳೀರಿ.

ಸೈಕಲ್, ಬೈಕು?

ಗುದದ್ವಾರ ತೆಗೆದು ಹೊಲಿದಿದ್ರೆ (ನನ್ನ ತರ) ಆ ಗಾಯ ಹೊಟ್ಟೆ ಗಾಯಕ್ಕಿಂತ ಸತಾಯ್ಸತ್ತೆ, ಕೆಲವರಿಗೆ ತಿಂಗಳುಗಟ್ಟಲೆ. ಸರ್ಜನ್ ನೋಡಿ ಸರಿ ಅನ್ನೋವರೆಗೂ ಸೈಕಲ್ ಸೀಟು ಮುಟ್ಬೇಡಿ. ಗಾಳಿ ತುಂಬೋ ಉಂಗುರದ ದಿಂಬು ಮಾತ್ರ ತಗೋಬೇಡಿ, ಅದು ಗಾಯನ ಎರಡೂ ಕಡೆ ಎಳೆಯತ್ತೆ, ಮೆತ್ತನೆ ಫೋಮ್ ದಿಂಬು ಸಾಕು. ಸ್ಕೂಟರಲ್ಲಿ ತೊಂದ್ರೆ ಓಡ್ಸೋದಲ್ಲ, ಡಬಲ್ ಸ್ಟ್ಯಾಂಡ್ ಹಾಕೋದು ಮತ್ತೆ ಕಿಕ್ ಹೊಡೆಯೋದು. ಸೈಡ್ ಸ್ಟ್ಯಾಂಡೇ ಹಾಕಿ. ಹಂಪಲ್ಲಿ ನಿಧಾನ.

ಕ್ರಿಕೆಟ್, ಕಬಡ್ಡಿ?

ಟೆನಿಸ್ ಬಾಲ್ ಸರಿ. ಲೆದರ್ ಬಾಲಿಗೆ ಸ್ಟೋಮಾ ಮೇಲೆ ಗಟ್ಟಿ ಚಿಪ್ಪಿನ ಗಾರ್ಡ್ ಬೇಕು. ಸ್ಟೋಮಾಗೆ ನೋವು ಗೊತ್ತಾಗೋ ನರ ಇಲ್ಲ, ಪೆಟ್ಟು ಬಿದ್ರೂ ಗೊತ್ತಾಗಲ್ಲ, ಆಟ ಮುಗಿದ ಮೇಲೆ ಬ್ಯಾಗಲ್ಲಿ ರಕ್ತ ಇದೆಯಾ ಅಂತ ಕಣ್ಣಲ್ಲೇ ನೋಡ್ಬೇಕು. ಕಬಡ್ಡೀಲಿ ಸೊಂಟ ಹಿಡಿದೇ ಕೆಡವೋದು, ನನ್ನ ಕೇಳಿದ್ರೆ ರೆಫ್ರಿ ಆಗಿ.

ಕೀಮೋ ನಡೀತಿದೆ, ಮಾಡ್ಬಹುದಾ?

ಹಗುರ ವಾಕಿಂಗ್ ಸುಸ್ತನ್ನ ಕಮ್ಮಿ ಮಾಡತ್ತೆ. ರಕ್ತದ ಕೌಂಟ್ ಕಮ್ಮಿ ಇದ್ದಾಗ ಜಿಮ್ಮು, ಈಜುಕೊಳ ಬೇಡ. ಆಕ್ಸಾಲಿಪ್ಲಾಟಿನ್ ತಗೊಳ್ಳೋರಿಗೆ ಪಾದ ಜೋಮು ಹಿಡಿಯತ್ತೆ, ಕಲ್ಲು ಹಳ್ಳ ಗೊತ್ತಾಗಲ್ಲ, ಬರಿಗಾಲಲ್ಲಿ ನಡೀಬೇಡಿ.

ಯಾವಾಗ ಎಲ್ಲಾ ನಿಲ್ಲಿಸಿ ಆಸ್ಪತ್ರೆಗೆ ಓಡ್ಬೇಕು?

ಸ್ಟೋಮಾ ಯಾವಾಗ್ಲೂ ಕೆನ್ನೆ ಒಳಭಾಗದ ತರ ಕೆಂಪಗೆ ಒದ್ದೆಯಾಗಿರ್ಬೇಕು. ನೇರಳೆ, ಕಪ್ಪು ಬಣ್ಣಕ್ಕೆ ತಿರುಗಿದ್ರೆ ತಕ್ಷಣ. ಉಬ್ಬು ಗಟ್ಟಿಯಾಗಿ, ನೋವಿದ್ದು, ಮಲಗಿದ್ರೂ ಒಳಗೆ ಹೋಗ್ಲಿಲ್ಲ ಅಂದ್ರೆ ತಕ್ಷಣ. ಹೊಟ್ಟೆ ಹಿಂಡಿ ವಾಂತಿ ಆಗ್ತಾ ಬ್ಯಾಗಿಗೆ ಏನೂ ಬರ್ತಿಲ್ಲ ಅಂದ್ರೆ ತಕ್ಷಣ, ಇಲಿಯೋಸ್ಟಮಿಯೋರು ನಾಲ್ಕಾರು ಗಂಟೆ ಏನೂ ಬರದೆ ನೋವಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಒರೆಸುವಾಗ ಒಂದೆರಡು ಹನಿ ರಕ್ತ ಮಾಮೂಲಿ, ಒತ್ತಿ ಹಿಡಿದ್ರೂ ನಿಲ್ದಿದ್ರೆ ಅಥವಾ ಸ್ಟೋಮಾ ಒಳಗಿಂದ ಬರ್ತಿದ್ರೆ ಅಲ್ಲ. ಜ್ವರ, ಗಾಯದಲ್ಲಿ ಕೀವು, ಮೂತ್ರ ಬರ್ದೇ ಇರೋದು, ಮೀನಖಂಡ ಒಂದೇ ಕಾಲಲ್ಲಿ ಊದಿ ನೋಯೋದು, ಎದೆನೋವು, ಇವೂ ಅಷ್ಟೇ.

ಟೆಂಪರರಿ ಸ್ಟೋಮಾ, ಮೂರ್ನಾಲ್ಕು ತಿಂಗಳಿಗೆ ಮುಚ್ತಾರಂತೆ. ಅಲ್ಲೀವರೆಗೂ ಯಾಕೆ ಕಷ್ಟಪಡೋದು?

ಮುಚ್ಚೋದೂ ಒಂದು ಆಪರೇಷನ್ನೇ. ಆ ಜಾಗದಲ್ಲಿ ಆಮೇಲೂ ಹರ್ನಿಯಾ ಬರಬಹುದು. ಇನ್ನೊಂದು, ಮಲ ಹಿಡಿದಿಡೋ ಸ್ನಾಯು ತಿಂಗಳುಗಟ್ಟಲೆ ಕೆಲ್ಸ ಇಲ್ದೆ ಸೋತಿರತ್ತೆ, ಗ್ಯಾಸ್ ತಡೆಯೋ ತರ ಬಿಗಿ ಹಿಡಿದು ಬಿಡೋ ಎಕ್ಸರ್‌ಸೈಸನ್ನ ಫಿಸಿಯೋ ಕೇಳಿ ಈಗಿಂದ್ಲೇ ಶುರು ಮಾಡಿ, ಮುಚ್ಚಿದ ಮೇಲೆ ಟಾಯ್ಲೆಟ್ಟಿಗೆ ಓಡೋ ಆತುರ ಕಮ್ಮಿ ಆಗತ್ತೆ.

ಜೊತೆ ಆಡೋರಿಗೆ, ವಾಕಿಂಗ್ ಗೆಳೆಯರಿಗೆ ಹೇಳ್ಬೇಕಾ?

ನಿಮ್ಮಿಷ್ಟ. ನಾನು ಎರಡು ವರ್ಷ ಹೇಳಿರ್ಲಿಲ್ಲ. ಬ್ಯಾಗಿಗೆ ಗ್ಯಾಸ್ ಬಂದು ಸದ್ದಾದ್ರೆ ಕೆಮ್ಮೋದು, ರ‍್ಯಾಕೆಟ್ ಬೀಳಿಸೋದು, ಶೂ ಲೇಸ್ ಕಟ್ಟೋಕೆ ಕೂರೋದು, ಆಟಕ್ಕಿಂತ ನಾಟಕವೇ ಜಾಸ್ತಿ ಆಗಿತ್ತು. ಕೊನೆಗೆ ಒಂದಿನ ಡಬಲ್ಸ್ ಆಡ್ತಿದ್ದಾಗ ಜೋರಾಗೇ ಸದ್ದಾಯ್ತು, ಕೋರ್ಟ್ ಪೂರ್ತಿ ಸುಮ್ನಾಯ್ತು, ನಾನು ಟೀಶರ್ಟ್ ಸ್ವಲ್ಪ ಎತ್ತಿ ಇದು ಅಂದೆ. ಎದುರುಗಡೆ ಇದ್ದ ನಿವೃತ್ತ ಮೇಷ್ಟ್ರು ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಸರಿ, ಸರ್ವೀಸ್ ನಿಮ್ದೇ, ಹದಿನಾರು ಹದಿನಾಲ್ಕು" ಅಂದ್ರು.